ನಾಲ್ಕನೆಯ ಕೈ

ನಮ್ಮ ಭಾವನ ಕಥೆ ಹೇಳಬೇಕೆಂದರೆ ಅವರ ಕಣ್ಣಿನಿಂದಲೇ ಶುರುಮಾಡಬೇಕು. ಆ ಕಣ್ಣಿನ ಗುಣಗಾನ ಕೇಳಿ ಕೇಳಿ ಮೂವತ್ತು ವರ್ಷದಿಂದ ನನಗೆ ಸಾಕಾಗಿಹೋಗಿದೆ. ಆದರೂ ಬೇರೆ ದಾರಿಯಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾನು ಇರುವುದೂ ಅವರ ಮನೆಯಲ್ಲೇ. ನಾವಿಬ್ಬರೂ ಕೆಲಸ ಮಾಡುವುದು ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಉದ್ದನೆಯ ಶೆಡ್ಡಿನಲ್ಲಿ. ಕೈಕಾಲು ಕಳೆದುಕೊಂಡವರಿಗೆ ಅಲ್ಲಿ ಕೈಕಾಲು ಮಾಡಿಕೊಡುತ್ತೇವೆ. ನನ್ನದು ಪ್ಲಾಸ್ಟರ್ ಕೋಣೆ. ಉಳಿದಿರುವ ತುದಿಗೆ ಒದ್ದೆ ಪಟ್ಟಿ ಸುತ್ತಿ ಅಚ್ಚು ತೆಗೆಯುವುದು ನನ್ನ ಕೆಲಸ. ಭಾವನದು ಬಣ್ಣದ ಕೋಣೆ. ರಬ್ಬರಿನ ಕೈಗೆ ಮನುಷ್ಯರ ಚರ್ಮದ ಬಣ್ಣ ಬರಿಸುವವರು ಅವರು. ಇಡೀ ಆಸ್ಪತ್ರೆಗೆ ಅವರು ಬಣ್ಣದಣ್ಣ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿಮ್ಮಿಬ್ಬರ ಕೈ ದಿನಾ ಕೆಸರೇ, ಮೊಸರಿಗೆ ಮಾತ್ರ ನಾನೇ ಹೆಪ್ಪು ಹಾಕಬೇಕು" ಎಂದು ಅಕ್ಕ ಗೊಣಗುವುದುಂಟು.

ಈ ಬಣ್ಣವನ್ನು ಮೇಲಿನಿಂದ ಬಳಿಯಲಾಗದು. ರಬ್ಬರು ಹಸಿಯಾಗಿರುವಾಗಲೇ ಗಾಜಿನ ಹಲಗೆಯ ಮೇಲೆ ಬಣ್ಣದ ಪುಡಿ ಬೆರೆಸಿ, ಅಚ್ಚಿನೊಳಗೆ ಪದರ ಪದರವಾಗಿ ಸವರಿ, ಒಲೆಯಲ್ಲಿಟ್ಟು ಗಟ್ಟಿ ಮಾಡಬೇಕು. ಗಟ್ಟಿಯಾದ ಮೇಲೆ ತಿದ್ದುವ ಮಾತೇ ಇಲ್ಲ. ತಪ್ಪಿದರೆ ಆ ಕೈಯನ್ನು ಎಸೆದು ಮೊದಲಿನಿಂದ ಶುರುಮಾಡಬೇಕು. ಒಂದು ಕೈಗೆ ಮೂರು ವಾರ. ಸರದಿಯಲ್ಲಿ ಕಾಯುವುದು ಬೇರೆ.

ಈ ಕೆಲಸದಲ್ಲಿ ಭಾವನನ್ನು ಮೀರಿಸಿದವರಿಲ್ಲ. ಬಂದವರನ್ನು ಕಿಟಕಿಯ ಪಕ್ಕ ಕೂರಿಸಿ, ಉಳಿದಿರುವ ಕೈಯನ್ನು ಬಿಳಿ ಬಟ್ಟೆಯ ಮೇಲೆ ಇರಿಸಿ, ಅರ್ಧ ಗಂಟೆ ನೋಡುತ್ತ ಕೂರುವರು. "ಗಡಿಯಾರ ಕಟ್ಟೋ ಜಾಗ ತಿಳಿ ಇದೆ, ಗೆಣ್ಣುಗಳು ಬಿಸಿಲು ಕಂಡಿವೆ, ಕಿರುಬೆರಳಿಗೆ ಹಳದಿ ಜಾಸ್ತಿ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ಆಮೇಲೆ ದಪ್ಪ ಪುಸ್ತಕವೊಂದರಲ್ಲಿ ಆ ಬಣ್ಣಕ್ಕೆ ಒಂದು ಹೆಸರಿಟ್ಟು ಪುಡಿಗಳ ಪಾಲು ಬರೆದಿಡುವರು. ಹಾಲು ಹೆಚ್ಚಾದ ಚಹಾ, ಹೊಸ ಹಲಗೆ, ಹುರಿದ ಗೋಧಿ, ನಾಲ್ಕು ಗಂಟೆ ಬಿಸಿಲು. ವಕೀಲರೊಬ್ಬರು ನಾಲ್ಕು ಸಲ ಕೈ ವಾಪಸು ತಂದರು. ಉಗುರಿನ ಬುಡ ಇನ್ನೊಂಚೂರು ಕೆಂಪಾಗಬೇಕಿತ್ತಂತೆ. ಭಾವ ನಾಲ್ಕು ಸಲವೂ ಹೊಸದಾಗಿ ಮಾಡಿದರು. "ರಸಿಕರು ಕಣಯ್ಯಾ, ಇಂಥವರಿಗೆ ಮಾಡಬೇಕು ಕೆಲಸ" ಎಂದು ಮನೆಯಲ್ಲೂ ಅದೇ ಮಾತು.

ಇನ್ನು ನಮ್ಮೂರಿನ ಹೊಳೆಯಾಚೆಯವರ ಮಾತು. ಅವರ ಅಜ್ಜಂದಿರು ಹಡಗುಕಟ್ಟೆಯ ಕೆಲಸಕ್ಕೆಂದು ಬಹಳ ದೂರದಿಂದ ಬಂದು ಅಲ್ಲೇ ನೆಲೆ ನಿಂತವರು. ನಮಗಿಂತ ಎಷ್ಟೋ ಕಪ್ಪು. ಕೂದಲು ಬೇರೆ, ಮುಖದ ಕಟ್ಟು ಬೇರೆ. ಮೂರು ತಲೆಮಾರು ಕಳೆದು, ಅವರ ಮಕ್ಕಳು ನಮ್ಮ ಮಕ್ಕಳಿಗಿಂತ ಚೆನ್ನಾಗಿ ನಮ್ಮ ಭಾಷೆ ಆಡಿದರೂ, ಸೇತುವೆಯ ಆ ತುದಿಯವರು 'ಅವರು', ಈ ತುದಿಯವರು 'ನಾವು'. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ, ಹಾಗಾಗಿ ಯಾರೂ ಮರೆಸಲೂ ಇಲ್ಲ.

ಭಾವ ಮಾತ್ರ ಭೇದಭಾವ ಮಾಡುವವರಲ್ಲ. ಹಿಂದೊಮ್ಮೆ ಹೊಳೆಯಾಚೆಯ ಮುದುಕರೊಬ್ಬರನ್ನು ಆಸ್ಪತ್ರೆಯ ಕಾವಲುಗಾರ ಗೇಟಿನಲ್ಲೇ ನಿಲ್ಲಿಸಿಕೊಂಡಿದ್ದಾಗ ಭಾವ ಹೋಗಿ ಅವನ ನೀರಿಳಿಸಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೇ ಮುಂದಿನದನ್ನು ಹೇಳುವುದು ಕಷ್ಟ. ಕೆಟ್ಟವರ ಕಥೆ ಹೇಳುವುದು ಎಷ್ಟು ಸುಲಭ!

ಹೋದ ವರ್ಷ ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಹೊಳೆಯಾಚೆಯವಳು, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಸ್ಕೂಟರ್ ಅಪಘಾತದಲ್ಲಿ ಎಡಗೈ ಮಣಿಕಟ್ಟಿನಿಂದಾಚೆ ಹೋಗಿತ್ತು. ಗಾಯ ಮಾಯಲು ಐದು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಡಿಪೋ ಮ್ಯಾನೇಜರು ಅವಳನ್ನು ಪಾರ್ಸೆಲ್ ಗೋದಾಮಿಗೆ ಹಾಕಿದ್ದರು.

"ಸರ್, ಕೌಂಟರಲ್ಲಿ ನನ್ನ ಮುಖ ಯಾರಿಗೂ ಕಾಣಲ್ಲ. ಗಾಜಿನ ಕೆಳಗೆ ಕಿಂಡಿ ಇರತ್ತಲ್ಲ, ಅಲ್ಲಿ ಕೈ ಅಷ್ಟೇ ಕಾಣೋದು" ಎಂದಳು. "ಬಲಗೈ ಎಲ್ಲಾ ಮಾಡತ್ತೆ. ಎಡಗೈ ಕಾಗದ ಒತ್ತಿ ಹಿಡಿದ್ರೆ ಸಾಕು. ನೋಡಿದೋರು ಬೆಚ್ಚಬಾರದು, ಅಷ್ಟೇ. ಅಪಘಾತ ಆಗಿ ವರ್ಷ ತುಂಬೋವರೆಗೂ ನನ್ನ ಜಾಗ ಖಾಲಿ ಇಟ್ಟಿರ್ತೀನಿ ಅಂದಿದ್ದಾರೆ ಸಾಹೇಬ್ರು. ಆಮೇಲೆ ಬೇರೆಯವರಿಗೆ. ಹದಿನಾಲ್ಕು ವರ್ಷ ಕೂತ ಜಾಗ ಸರ್ ಅದು."

"ಏಳು ತಿಂಗಳಿದೆಯಲ್ಲಮ್ಮ. ಎರಡೇ ತಿಂಗಳು ಸಾಕು" ಎಂದರು ಭಾವ.

ಬಣ್ಣ ನೋಡುವ ಹೊತ್ತಿಗೆ ನಾನೂ ಅಲ್ಲೇ ಇದ್ದೆ, ಅಚ್ಚಿನ ಅಳತೆ ಹೇಳಲು. ಅವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಭಾವ ನಿಂತಲ್ಲಿಂದಲೇ ಅವಳ ಬಲಗೈ ನೋಡಿ, ಪುಸ್ತಕದಲ್ಲಿ ಏನೋ ಗೀಚಿ, "ಆಯ್ತಮ್ಮ" ಎಂದರು. ಮೂರು ನಿಮಿಷ ಆಗಿದ್ದರೆ ಹೆಚ್ಚು. ಅವತ್ತು ಅದು ನನಗೂ ವಿಶೇಷ ಅನ್ನಿಸಲಿಲ್ಲ.

ಎರಡು ತಿಂಗಳಿಗೆ ಕೈ ಬಂತು. ಒಂದು ವಾರ ಹಾಕಿಕೊಂಡು ನೋಡಿ ಅವಳು ವಾಪಸು ತಂದಳು. "ಸರ್, ಇದು ಬೂದಿ ಬಣ್ಣ ಹೊಡೀತಿದೆ. ಸತ್ತವರ ಕೈ ಥರ ಇದೆ ಅಂದ ನನ್ನ ತಮ್ಮ. ಸಾಹೇಬ್ರೂ ಬೇಡ ಅಂದ್ರು."

ಭಾವ ಮೂಗು ಮುರಿದರು. ಎರಡನೆಯದಕ್ಕೆ ಇನ್ನಷ್ಟು ಕರಿ ಪುಡಿ ಸುರಿದರು. ಅದಕ್ಕೆ ಎರಡೂವರೆ ತಿಂಗಳು. ಬೂದಿ ಹೋಗಿ ಇದ್ದಿಲಾಯಿತು. ಅದನ್ನೂ ಅವಳು ಮರಳಿ ತಂದಾಗ ಭಾವ ನನ್ನ ಕೋಣೆಗೆ ಬಂದು, "ಇವರದು ಯಾವಾಗಲೂ ತಕರಾರೇ ಕಣಯ್ಯಾ. ಏನು ಕೊಟ್ಟರೂ ಸಮಾಧಾನವಿಲ್ಲ" ಎಂದರು. ಎರಡು ಸಲ ವಾಪಸು ತಂದವಳು ತಕರಾರಿನವಳು, ನಾಲ್ಕು ಸಲ ತಂದ ವಕೀಲರು ರಸಿಕರು. ಆಗ ಈ ಲೆಕ್ಕ ನನ್ನ ತಲೆಗೂ ಹೊಳೆಯಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾವು ಮರಳಿ ಬಣ್ಣದ ಕೋಣೆಗೆ ಹೋದಾಗ ಅವಳು ಮೇಜಿನ ಮೇಲಿದ್ದ ಆ ದಪ್ಪ ಪುಸ್ತಕ ತಿರುವುತ್ತ ನಿಂತಿದ್ದಳು. ಹೊಲಿಗೆ ಬಿಟ್ಟ ಎರಡು ಪುಟಗಳ ಮೇಲೆ ಬೆರಳಿಟ್ಟಿದ್ದಳು. ಮಿಕ್ಕ ಪುಟಗಳಲ್ಲೆಲ್ಲ ಚಹಾ, ಗೋಧಿ, ಬಿಸಿಲು. ಈ ಎರಡು ಪುಟಗಳಲ್ಲಿ ಮಾತ್ರ ಬೇರೆ ಬೇರೆ ತಾರೀಖು, ಬೇರೆ ಬೇರೆ ಜನ, ಎದುರಿಗೆ ಒಂದೇ ಪದ. ಕಪ್ಪು. ಕಪ್ಪು. ಕಪ್ಪು. ಕೆಳಗಿನ ತುದಿಯವರೆಗೂ ಅದೇ.

"ಸರ್, ಈ ಪುಟದಲ್ಲಿರೋರೆಲ್ಲಾ ಒಬ್ಬರೇನಾ?" ಎಂದು ಕೇಳಿದಳು. ವ್ಯಂಗ್ಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದ ಹಾಗಿತ್ತು.

ಭಾವ ಪುಸ್ತಕವನ್ನು ಕಿತ್ತುಕೊಂಡರು. "ನೋಡಮ್ಮ, ನಾನು ಯಾರಿಗೂ ಭೇದ ಮಾಡೋನಲ್ಲ. ಬೇಕಾದ್ರೆ ಇಲ್ಲಿ ಯಾರನ್ನಾದರೂ ಕೇಳು!"

"ಭೇದದ ಮಾತು ನಾನು ಎತ್ತಲಿಲ್ವಲ್ಲ ಸರ್" ಎಂದಳು ಅವಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಭಾವನ ಮಾತಿನ ಕಟ್ಟೆಯೊಡೆಯಿತು. ಮೂವತ್ತೊಂದು ವರ್ಷದ ಸೇವೆ, ಗೇಟಿನ ಕಾವಲುಗಾರ, ಹೊಳೆಯಾಚೆ ತಾವು ಯಾರ್ಯಾರ ಮನೆಯಲ್ಲಿ ಉಂಡಿದ್ದು, ಎಲ್ಲ ಬಂತು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಮೂರು ವರ್ಷ ಅವಳು ಹೊಳೆಯಾಚೆಯ ಹೊಲಿಗೆ ಶಾಲೆಯಲ್ಲಿ ಪಾಠ ಹೇಳಿದವಳು.

"ರೀ, ಅಲ್ಲಿ ನನ್ನ ಕ್ಲಾಸಲ್ಲಿ ಅಕ್ಕ-ತಂಗಿ ಇಬ್ಬರಿದ್ರು" ಎಂದಳು. "ಒಬ್ಬಳದು ನೇರಳೆ ಹಣ್ಣಿನ ಬಣ್ಣ, ಇನ್ನೊಬ್ಬಳದು ತಾಮ್ರ ತಿಕ್ಕಿದ ಹಾಗೆ. ನೀವು ಒಂದ್ಸಲ ನನ್ನ ಕರಕೊಂಡು ಹೋಗೋಕೆ ಬಂದಾಗ ಇಬ್ರೂ ಅವಳಿ-ಜವಳಿನಾ ಅಂತ ಕೇಳಿದ್ರಿ. ನೆನಪಿದೆಯಾ?"

"ಇಲ್ಲ."

"ಅವರಿಗೆ ನೆನಪಿದೆ."

ಭಾವ ಅನ್ನ ಕಲಸತೊಡಗಿದರು. ಅಕ್ಕ ಸುಮ್ಮನಾಗುವವಳಲ್ಲ. "ನಿಮ್ಮ ಮನಸ್ಸು ಕೆಟ್ಟದು ಅಂತ ಯಾರೂ ಅನ್ನಲಿಲ್ಲ. ಮನಸ್ಸಿನ ಸುದ್ದಿ ಬಿಡಿ. ಆ ಹುಡುಗಿ ಕೈನ ನೀವು ಎಷ್ಟು ಹೊತ್ತು ನೋಡಿದ್ರಿ? ಅದು ಹೇಳಿ."

ಭಾವ ನನ್ನ ಮುಖ ನೋಡಿದರು. ನಾನು ಸುಳ್ಳು ಹೇಳಿ ಕಾಪಾಡಲಿ ಎಂದಿತ್ತೇನೋ. "ಮೂರು ನಿಮಿಷ, ಭಾವ" ಎಂದೆ.

ಮಾರನೆಯ ದಿನದಿಂದ ಆ ಮನುಷ್ಯ ಬದಲಾಗಿಬಿಟ್ಟರು ಎಂದು ಬರೆದರೆ ಓದಲು ಚೆನ್ನ. ಹಾಗೇನೂ ಆಗಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಮೂರನೆಯ ದಿನ ಅವಳನ್ನು ಕರೆಸಿ, ಕಿಟಕಿಯ ಪಕ್ಕ ಕೂರಿಸಿ, ಬಿಳಿ ಬಟ್ಟೆ ಹಾಸಿದರು. ಮನೆಯಿಂದ ಅಲಾರಂ ಗಡಿಯಾರ ತಂದು ಅರ್ಧ ಗಂಟೆಗೆ ತಿರುಗಿಸಿ ಇಟ್ಟರು. ಐದು ನಿಮಿಷಕ್ಕೆ ಏಳಹೋದರು, ಅಲಾರಂ ಇನ್ನೂ ಹೊಡೆದಿರಲಿಲ್ಲ, ಮತ್ತೆ ಕೂತರು. ಹತ್ತನೆಯ ನಿಮಿಷಕ್ಕೆ ಮೊಣಕಾಲು ಉಜ್ಜಿಕೊಂಡರು. ಇಪ್ಪತ್ತು ದಾಟಿದ ಮೇಲೆ ಎಲ್ಲೋ, "ಅರೆ, ಇಲ್ಲಿ ಕೆಂಪಿದೆ" ಎಂದರು. ಗೆಣ್ಣಿನ ಬಳಿ ಬೇರೆ, ಬೆರಳ ಸಂದಿಯಲ್ಲಿ ಬೇರೆ, ಅಂಗೈ ಅಂಚಿನಲ್ಲಿ ಇನ್ನೊಂದು. ಕಪ್ಪಿನೊಳಗೆ ನೀಲಿ, ಕಂದಿನೊಳಗೆ ಕಿತ್ತಳೆ. ಅವಳು ಸುಮ್ಮನೆ ಕೈ ಇಟ್ಟುಕೊಂಡು ಕೂತಿದ್ದಳು, ಇಷ್ಟು ದಿನ ಇದನ್ನೇ ಕಾಯುತ್ತಿದ್ದವಳಂತೆ.

ಆಗ ತಪ್ಪಿನ ಬೇರೂ ಸಿಕ್ಕಿತು. ಭಾವ ಪ್ರತಿ ಸೋಮವಾರ ಒಂದು ದೊಡ್ಡ ಡಬ್ಬದಲ್ಲಿ ಮೂಲ ಬಣ್ಣ ಕಲಸಿ ಇಡುತ್ತಿದ್ದರು. ಡಬ್ಬದ ಮೇಲೆ ಅವರದೇ ಅಕ್ಷರದಲ್ಲಿ 'ಚರ್ಮ' ಎಂದು ಬರೆದಿತ್ತು. ಅದು ನಮ್ಮಂಥವರ ಚರ್ಮದ ಬಣ್ಣ. ಹೊಳೆಯಾಚೆಯವರು ಬಂದರೆ ಅದಕ್ಕೇ ಕರಿ ಪುಡಿ ಬೆರೆಸುವುದು. ತಿಳಿ ಬಣ್ಣಕ್ಕೆ ಕರಿ ಬೆರೆಸಿದರೆ ಬೂದಿಯೇ ಆಗುತ್ತದೆ, ಚರ್ಮ ಆಗುವುದಿಲ್ಲ. ಬಣ್ಣದ ಕೆಲಸ ಕಲಿಯುವವರಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು, ಭಾವನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಮಗೆ ಬೇಕಾಯಿತು.

ಭಾವನ ಸುದ್ದಿಯನ್ನೇ ಹೇಳಿ ನಾನು ಸಾಚಾ ಆಗುವುದು ಬೇಡ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಮೊದಲ ಸಲ ಬಂದವರು ಹೆದರುತ್ತಾರೆ. "ಸ್ವಲ್ಪ ಬಿಸಿ ಆಗತ್ತೆ, ಸುಡಲ್ಲ, ಗಾಬರಿ ಬೇಡ" ಎಂದು ನಾನು ಮೊದಲೇ ಹೇಳುತ್ತೇನೆ. ಎಲ್ಲರಿಗೂ ಹೇಳುತ್ತೇನೆ ಎಂದೇ ನಂಬಿದ್ದೆ. ಒಂದು ದಿನ ಹೊಳೆಯಾಚೆಯ ಕಾರ್ಮಿಕನೊಬ್ಬನ ಕಾಲಿಗೆ ಪಟ್ಟಿ ಸುತ್ತುತ್ತಿದ್ದಾಗ ಅವನು ಹಲ್ಲು ಕಚ್ಚಿಕೊಂಡಿದ್ದು ಕಂಡಿತು. ನಾನು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡರೆ ಉತ್ತರ ತಯಾರಾಗಿಯೇ ಇತ್ತು. ಗಟ್ಟಿ ಜನ, ತಡ್ಕೊಳ್ತಾರೆ. ಆ ಮಾತನ್ನು ನಾನು ಯಾವತ್ತೂ ಬಾಯಿಬಿಟ್ಟು ಆಡಿದವನಲ್ಲ. ಒಳಗೆ ಯಾವಾಗ ಬಂದು ಕೂತಿತೋ ಗೊತ್ತಿಲ್ಲ. ಈಗ 'ಸ್ವಲ್ಪ ಬಿಸಿ ಆಗತ್ತೆ' ಎಂಬ ಸಾಲನ್ನು ಬರೆದು ಪ್ಲಾಸ್ಟರ್ ಬಕೆಟ್ಟಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ನೋಡಿಕೊಂಡು ಹೇಳುತ್ತೇನೆ. ಆದರೂ ಒಮ್ಮೊಮ್ಮೆ ಮರೆಯುತ್ತದೆ, ಮರೆಯುವುದೂ ಅವರಿಗೆ ಹೇಳುವಾಗಲೇ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟಿದ ಮೇಲೆ ಅಂಟಿದ್ದು, ಹಾಗಾಗಿ ಉಜ್ಜುತ್ತಿದ್ದೇನೆ, ಅಷ್ಟೇ. ಉಜ್ಜಿ ಉಜ್ಜಿ ಆಯಾಸವಾಗುತ್ತದೆ ಎನ್ನುವುದೂ ನಿಜ.

ಮೂರನೆಯ ಕೈಗೆ ಭಾವ ಆ ಡಬ್ಬ ಮುಟ್ಟಲಿಲ್ಲ. ಖಾಲಿ ಗಾಜಿನ ಹಲಗೆಯಿಂದ ಶುರುಮಾಡಿದರು. ಆದರೆ ಮೂವತ್ತೊಂದು ವರ್ಷ ನೋಡದೆ ಬಿಟ್ಟ ಬಣ್ಣ ಅಷ್ಟು ಬೇಗ ಕೈಗೆ ಹತ್ತುತ್ತದೆಯೇ? ಕೆಂಪು ಹೆಚ್ಚಾಗಿ ಇಟ್ಟಿಗೆಯಂತಾಯಿತು. ಒಲೆಯಿಂದ ತೆಗೆದವರೇ ನೋಡಿ, ಅವಳಿಗೆ ತೋರಿಸದೆ ತಾವೇ ಬುಟ್ಟಿಗೆ ಎಸೆದರು. ಅಷ್ಟು ಹೊತ್ತಿಗೆ ವರ್ಷ ತುಂಬಲು ಹನ್ನೆರಡು ದಿನ ಉಳಿದಿತ್ತು. ಇನ್ನೊಂದು ಕೈಗೆ ಮೂರು ವಾರ ಬೇಕು.

ಭಾವ ಅರ್ಧ ದಿನ ರಜೆ ಹಾಕಿ ಡಿಪೋಗೆ ಹೋದರು. ಒಬ್ಬರೇ ಹೋಗಲು ಧೈರ್ಯವಾಗದೆ ನನ್ನನ್ನೂ ಎಳೆದುಕೊಂಡು ಹೋದರು. ಮ್ಯಾನೇಜರು ಕೂರಿಸಿ ನೀರು ಕೊಟ್ಟು ಮಾತಾಡಿಸಿದರು. ಒಳ್ಳೆಯ ಮನುಷ್ಯ.

"ತಪ್ಪು ನನ್ನದು ಸ್ವಾಮಿ. ಅವಳದಲ್ಲ. ಇನ್ನೊಂದು ಹದಿನೈದು ದಿನ ಕೊಡಿ" ಎಂದರು ಭಾವ.

"ಒಂದು ವರ್ಷ ಕಾದಿದ್ದೀವಲ್ಲ ಬಣ್ಣದಣ್ಣ, ಇನ್ನೆಷ್ಟು ಕಾಯೋದು? ಆ ಜನಕ್ಕೆ ಗೋದಾಮು ಕೆಲಸ ಹೇಗೂ ಒಗ್ಗತ್ತೆ" ಎಂದರು ಮ್ಯಾನೇಜರು. ನಮ್ಮ ಮುಖ ನೋಡಿ ಕೂಡಲೇ ಸೇರಿಸಿದರು: "ತಪ್ಪು ತಿಳೀಬೇಡಿ. ನಾನು ಯಾರಿಗೂ ಭೇದ ಮಾಡೋನಲ್ಲ. ಬೇಕಾದ್ರೆ ಇಲ್ಲಿ ಯಾರನ್ನಾದರೂ ಕೇಳಿ."

ಭಾವ ಲೋಟ ಕೆಳಗಿಟ್ಟರು. ಏನಾದರೂ ಅನ್ನುವರೆಂದು ನಾನು ಕಾದೆ. ಅನ್ನುವ ಮುಖ ಅವರಿಗಿರಲಿಲ್ಲ. ಎದ್ದು ಬಂದೆವು.

ನಾಲ್ಕನೆಯ ಕೈ ವರ್ಷ ತುಂಬಿ ಒಂಬತ್ತು ದಿನ ಕಳೆದ ಮೇಲೆ ಸಿದ್ಧವಾಯಿತು. ಸರದಿ ತಪ್ಪಿಸಿ, ರಜೆಯ ದಿನಗಳಲ್ಲೂ ಬಂದು ಮಾಡಿದ್ದರು. ಅವಳು ಗೋದಾಮಿನಿಂದ ನೇರವಾಗಿ ಬಂದಿದ್ದಳು, ತಲೆಯ ಮೇಲೆಲ್ಲ ಗೋಣಿಯ ನಾರು. ಕೈ ತೊಡಿಸಿ, ಎರಡೂ ಕೈಗಳನ್ನು ಬಿಳಿ ಬಟ್ಟೆಯ ಮೇಲೆ ಜೋಡಿಸಿ ಇಟ್ಟರು. ಎಷ್ಟೋ ಕೈ ಕಂಡ ನಾನೇ ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಎಂದು ಎರಡು ಸಲ ನೋಡಬೇಕಾಯಿತು. ಭಾವ ಪುಸ್ತಕವನ್ನು ಅವಳ ಮುಂದೆ ಸರಿಸಿ, ಈ ಬಣ್ಣಕ್ಕೆ ಹೆಸರು ನೀನೇ ಹೇಳಮ್ಮ ಎಂದರು. ಅವಳು ಪುಸ್ತಕ ಮುಟ್ಟಲಿಲ್ಲ. ಕೈಯನ್ನೇ ಆಚೆ ಈಚೆ ತಿರುಗಿಸಿ ನೋಡುತ್ತಿದ್ದಳು.

"ಚೆನ್ನಾಗಿದೆ ಸರ್" ಎಂದಳು. ಆಮೇಲೆ ಹೊಸ ಕೈಯ ಕಿರುಬೆರಳನ್ನು ಸವರುತ್ತ, "ಇದಕ್ಕೆ ಹೊಸ ಪುಡಿ ಏನಾದ್ರೂ ತರಿಸಿದ್ರಾ?"

"ಇಲ್ಲಮ್ಮ. ಮೊದಲಿಂದ ಇದ್ದಿದ್ದೇ."

"ಮಿಷನ್ನು?"

"ಅದೂ ಹಳೇದೇ."

"ಹಾಗಾದ್ರೆ ಮೊದಲನೇ ಸಲಾನೇ ಇದನ್ನ ಕೊಡಬಹುದಿತ್ತು."

ಗೊತ್ತಿರಲಿಲ್ಲ ಎನ್ನಬಹುದಿತ್ತು. ಬೇಕೆಂದು ಮಾಡಲಿಲ್ಲ ಎನ್ನಬಹುದಿತ್ತು, ಅದು ನಿಜವೂ ಹೌದು. ಭಾವ ಎರಡನ್ನೂ ಹೇಳಲಿಲ್ಲ. "ಕೊಡಬಹುದಿತ್ತು" ಎಂದರು. ಅವಳು ತಲೆಯಾಡಿಸಿ, ಗೋದಾಮಿಗೆ ಹೊತ್ತಾಯಿತೆಂದು ಹೊರಟಳು. ಗೋಣಿಯ ಧೂಳಿನಲ್ಲಿ ಕೈ ಹಾಳಾಗದಿರಲೆಂದು ತೆಗೆದು ಚೀಲದಲ್ಲಿ ಇಟ್ಟುಕೊಂಡೇ ಹೋದಳು.

ಸಂಜೆ ಮನೆಗೆ ಹೋಗುವಾಗ ಬಸ್ ನಿಲ್ದಾಣದಲ್ಲಿ, ಅವಳು ಕೂರುತ್ತಿದ್ದ ಕೌಂಟರಿನ ಮುಂದೆ ಟಿಕೆಟ್ಟಿಗೆ ಭಾವನೇ ನಿಂತರು. ಗಾಜಿನ ಕೆಳಗಿನ ಕಿಂಡಿಯಿಂದ ಒಂದು ಕೈ ಎರಡು ಟಿಕೆಟ್ ಹಿಡಿದು ಹೊರಬಂತು. ಹೊಸಬರ ಕೈ, ಈ ತುದಿಯವರದು. ಭಾವ ಟಿಕೆಟ್ ತೆಗೆದುಕೊಳ್ಳದೆ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟರು. "ಯಜಮಾನ್ರೇ, ಹಿಡೀರಿ, ಹಿಂದೆ ಜನ ಇದ್ದಾರೆ" ಎಂದು ಒಳಗಿನ ದನಿ ಗದರಿತು. ನಾನೇ ಕೈ ಚಾಚಿ ತೆಗೆದುಕೊಂಡು, ಅವರ ರಟ್ಟೆ ಹಿಡಿದು ಬಸ್ಸು ಹತ್ತಿಸಿದೆ.

ಬಸ್ಸು ಹೊರಟ ಮೇಲೆ ಭಾವ ಬಾಯಿಬಿಟ್ಟರು. "ಆ ಕೈಗೆ ಯಾವ್ಯಾವ ಪುಡಿ ಎಷ್ಟೆಷ್ಟು ಪಾಲು ಅಂತ ನೋಡ್ತಿದ್ದ ಹಾಗೇ ಹೊಳೆದುಬಿಡ್ತು ಕಣಯ್ಯಾ. ಹುಡುಕಲೂ ಇಲ್ಲ ನಾನು. ಅವಳದಕ್ಕೆ ಏಳು ತಿಂಗಳು ಬೇಕಾಯ್ತು."